ತುರೋರಿ ಫೈಲಿನ ಕೀಲಿ

ನಮ್ಮದು ಐನೋರ ಮನೆತನ. ನಿಲಂಗಾ ಕಡೆಯ ಒಂದು ಸಣ್ಣ ಮಠಕ್ಕೆ ನಡೆದುಕೊಳ್ಳುವ ಊರುಗಳಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಮದುವೆಯಾದರೂ, ಯಾರಾದರೂ ಲಿಂಗೈಕ್ಯರಾದರೂ ನಮ್ಮವರೊಬ್ಬರು ಹೋಗಬೇಕು, ವಿಧಿ ಮಾಡಬೇಕು, ಉಣ್ಣಬೇಕು, ಬಂದು ವಂಶಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಬರೆಯುವುದನ್ನು ನಮ್ಮ ಹಿರಿಯರು ಆಗಾಗ ಮರೆತದ್ದುಂಟು. ಉಣ್ಣುವುದನ್ನು ಮರೆತವರ ಹೆಸರು ನನಗಂತೂ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ನಾನು ಉದಗೀರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹೆಣ್ಣುಮಗಳಾದ್ದರಿಂದ ಮಠದ ಕೆಲಸಕ್ಕೆ ನನ್ನ ಅಗತ್ಯ ಅಲ್ಲಿಯವರೆಗೆ ಯಾರಿಗೂ ಬಿದ್ದಿರಲಿಲ್ಲ. ಒಂದು ಶ್ರಾವಣದಲ್ಲಿ ಪುಸ್ತಕಗಳಿಗೆ ಗೆದ್ದಲು ಹತ್ತಿತು. ಮಠದ ಅಪ್ಪೋರು, ಅಂದರೆ ಸ್ವಾಮಿಗಳು, ಸಭೆ ಕರೆದು, ಹನ್ನೆರಡು ಪುಸ್ತಕವನ್ನೂ ಕಂಪ್ಯೂಟರಿಗೆ ಹಾಕತಕ್ಕದ್ದೆಂದು ಅಪ್ಪಣೆ ಕೊಡಿಸಿದರು. ಸಾವಿರ ವರ್ಷ ಬಾಳಲಿ ಎಂದು ಹರಸಿದರು. ಹೀಗೆ ಮೂರು ತಲೆಮಾರಿನ ಗಂಡಸರಿಂದ ಆಗದ ಕೆಲಸ ಗೆದ್ದಲಿನಿಂದ ಆಯಿತು. ನನಗೆ ಮಠದಲ್ಲಿ ಒಂದು ಕುರ್ಚಿ ಸಿಕ್ಕಿತು.

ಬರೆಯಲು ಮೂವರು ನೇಮಕವಾದೆವು. ಉಮರ್ಗಾದಿಂದ ನಮ್ಮ ಕಾಕಾ. ಅಪ್ಪನ ತಮ್ಮ, ತುರೋರಿ ಕಡೆಯ ಒಕ್ಕಲುಗಳೆಲ್ಲ ಅವರ ಪಾಲಿಗೆ. ನಿಲಂಗಾದಿಂದ ಒಬ್ಬ ನಿವೃತ್ತ ಮಾಸ್ತರರು. ಮರಾಠಿ ಶಾಲೆಯಲ್ಲಿ ಕಲಿಸಿದವರಾದ್ದರಿಂದ ಎಲ್ಲರೂ ಅವರನ್ನು ಗುರುಜಿ ಎನ್ನುತ್ತಾರೆ. ಶಿರೂರ ಅನಂತಪಾಳದ ಮನೆಗಳು ಅವರವು. ಮೂರನೆಯವಳು ನಾನು. ಮಠದ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟೆ. ಊರಿಗೊಂದು ಫೈಲ್ ಮಾಡಿದೆ. ಮೂವರೂ ನಮ್ಮ ನಮ್ಮ ಮನೆಯಿಂದಲೇ ಆ ಫೈಲುಗಳನ್ನು ತೆರೆದು ಬರೆಯುವ ಏರ್ಪಾಡಾಯಿತು. ಉಳಿದ ಭಕ್ತರು ಮೊಬೈಲಿನಲ್ಲಿ ಓದಬಹುದು, ಬರೆಯುವಂತಿಲ್ಲ.

ಕಂಪ್ಯೂಟರ್ ಕಲಿಸುವ ಯಾರನ್ನೇ ಕೇಳಿದರೂ, ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತೆರೆದು ಬರೆದರೆ ಏನಾಗುತ್ತದೆಂದು ಹೇಳುತ್ತಾರೆ. ಪ್ರತಿ ವರ್ಷ ನಾನೂ ಅದನ್ನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದವಳೇ. ಆದರೆ ಅದು ಪರೀಕ್ಷೆಗೆ ಬರುವ ಪ್ರಶ್ನೆ. ನಮ್ಮ ಮನೆಯವರಿಗೆ ಆಗುವ ಸಂಗತಿ ಎಂದು ನನಗೆ ಹೊಳೆದಿರಲಿಲ್ಲ.

ಎರಡು ತಿಂಗಳಲ್ಲಿ ಹೊಳೆಯಿತು. ತುರೋರಿಯ ಒಂದು ಮನೆಯಲ್ಲಿ ಅವಳಿ ಕೂಸುಗಳು ಹುಟ್ಟಿದವು. ಕಾಕಾ ಮುಂಜಾನೆ ಫೈಲ್ ತೆರೆದು ಇಬ್ಬರನ್ನೂ ಸೇರಿಸಿ ಉಳಿಸಿದರು. ಅದೇ ಮುಂಜಾನೆ, ಕಾಕಾ ಬರೆಯುವುದಕ್ಕೂ ಮುಂಚೆ, ಗುರುಜಿ ಅದೇ ಫೈಲ್ ತೆರೆದು ಕುಳಿತಿದ್ದರು. ತುರೋರಿ ಅವರ ಪಾಲಿನ ಊರಲ್ಲ. ಆದರೆ ತಪ್ಪು ಒತ್ತಕ್ಷರ ಯಾವ ಊರಲ್ಲಿದ್ದರೂ ಅವರ ಪಾಲಿಗೇ ಬರುತ್ತದೆ. ಊಟದ ಹೊತ್ತಿನವರೆಗೆ ಹೆಸರುಗಳ ಕಾಗುಣಿತ ತಿದ್ದಿ ಅವರೂ ಉಳಿಸಿದರು. ಅವರ ಮುಂದಿದ್ದದ್ದು ಅವಳಿ ಹುಟ್ಟುವ ಮುಂಚಿನ ಪ್ರತಿ. ಅದು ಹೋಗಿ ಕಾಕಾ ಬರೆದದ್ದರ ಮೇಲೆ ಕುಳಿತಿತು. ಕೂಸುಗಳ ಅಜ್ಜ ಮೊಬೈಲಿನಲ್ಲಿ ನೋಡಿ ನನಗೆ ಫೋನ್ ಮಾಡಿದರು.

"ಎರಡೂ ಕೂಸು ತೊಟ್ಟಿಲದಾಗ ಅವರಿ. ನಿಮ್ಮ ಕಂಪ್ಯೂಟರ್‌ದಾಗ ಯಾಕಿಲ್ಲ?"

ನಾನು ಕಾಕಾಗೆ ಕೇಳಿದೆ. "ನಾ ಬರದೀನಿ," ಎಂದರು. ಗುರುಜಿಗೆ ಕೇಳಿದೆ. "ನಾ ಏನೂ ಅಳಸಿಲ್ಲರಿ ಮೇಡಂ, ನಾ ಬರೇ ಶುದ್ಧಲೇಖನ ಮಾಡೀನಿ," ಎಂದರು. ಇಬ್ಬರೂ ಹೇಳಿದ್ದು ನಿಜ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರ ಎಂದದ್ದೂ ನಿಜ. ಅಪ್ಪೋರ ಮುಂದೆ ಪಂಚಾಯಿತಿ ಕೂತಾಗ, ಇಬ್ಬರ ತಪ್ಪೂ ಅಲ್ಲ ಎಂದೆ. ಆ ಮಾತು ಇಬ್ಬರಿಗೂ ಸೇರಲಿಲ್ಲ. ತಪ್ಪು ಯಾರದೂ ಅಲ್ಲವೆಂದರೆ ಜಗಳ ಮುಂದುವರಿಸುವುದು ಹೇಗೆ?

ಆಮೇಲೆ ನಾನು ಒಂದು ವಾರ ಕೂತು ಕೀಲಿಯ ವ್ಯವಸ್ಥೆ ಬರೆದೆ. ನಿಯಮ ಸರಳ. ಒಂದು ಫೈಲನ್ನು ಎಷ್ಟು ಮಂದಿ ಬೇಕಾದರೂ ಒಟ್ಟಿಗೆ ಓದಬಹುದು. ಬರೆಯಬೇಕಾದವರು ಮೊದಲು ಕೀಲಿ ಕೇಳಬೇಕು. ಯಾರಾದರೂ ಓದುತ್ತಿದ್ದರೆ ಅವರು ಮುಗಿಸುವವರೆಗೆ ಕಾಯಬೇಕು. ಕೀಲಿ ಸಿಕ್ಕ ಮೇಲೆ ಹಿಡಿದವರು ಬಿಡುವವರೆಗೆ ಬೇರೆ ಯಾರೂ ಬರೆಯುವಂತಿಲ್ಲ, ಓದುವಂತೆಯೂ ಇಲ್ಲ. ಇನ್ನೊಂದು ನಿಯಮವನ್ನೂ ಸೇರಿಸಿದೆ: ಸಂಬಂಧ ಕೂಡಿದಾಗ ಗಂಡಿನ ಊರಿನದು, ಹೆಣ್ಣಿನ ಊರಿನದು ಎರಡೂ ಫೈಲಿನ ಕೀಲಿ ಹಿಡಿದೇ ಬರೆಯಬೇಕು. ಇಲ್ಲವಾದರೆ ಒಂದು ಕಡೆ ಮದುವೆಯಾಗಿ ಇನ್ನೊಂದು ಕಡೆ ಆಗದೆ ಉಳಿದೀತು. ಒಬ್ಬರು ಹಿಡಿದ ಕೀಲಿಯನ್ನು ಇನ್ನೊಬ್ಬರು ಮುರಿಯಲಾರರು, ಸ್ವತಃ ನಾನೂ ಮುರಿಯಲಾರೆ ಎಂದು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಚಪ್ಪಾಳೆ ಬಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

"ಅಂದ್ರ, ನಾ ಹಿಡದೀನಿ ಅಂದ್ರ ಗುರುಜಿಗಿ ಏನೂ ಮಾಡ್ಲಿಕ್ಕ ಬರಾಂಗಿಲ್ಲ?" ಎಂದು ಕಾಕಾ ಕೇಳಿದರು.

"ನೀವ್ ಬಿಡೋತನಕ ಇಲ್ಲ ಕಾಕಾ."

"ಛಲೋ ಮಾಡೀ ಅವ್ವಾ," ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಮರುದಿನದಿಂದ ಕಾಕಾ ಬೆಳಗ್ಗೆ ಸ್ನಾನ ಪೂಜೆ ಮುಗಿಸಿ ತುರೋರಿ ಫೈಲಿನ ಕೀಲಿ ಹಿಡಿಯತೊಡಗಿದರು. ಬರೆಯುವುದೇನಾದರೂ ಇತ್ತೆಂದಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕುವಂತೆ ಹಿಡಿದಿಡುವುದು, ಅಷ್ಟೇ. ಒಂದು ಸಲ ಹೀಗೆ ಹಿಡಿದು ಔರಾದ ಶಹಾಜನಿಯಲ್ಲಿ ಒಬ್ಬರ ಮನೆಯ ವಾಸ್ತುಶಾಂತಿಗೆ ಹೋದರು. ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿದ್ದರು. ತುರೋರಿಯ ಒಂದು ಮನೆತನದ ಬೆಡಗು ಫೈಲಿನಲ್ಲಿ ತಪ್ಪಾಗಿತ್ತು. ಅದನ್ನು ತಿದ್ದಿ ಉಳಿಸಿದ್ದರು. ಬೆಡಗು ಎಂದರೆ ಕುಲದ ಮೂಲ. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆ ನಡೆಯುವುದಿಲ್ಲ. ಆ ಮನೆತನದ ನಿಜವಾದ ಬೆಡಗಿಗೂ ಫೈಲಿನಲ್ಲಿ ಬಿದ್ದಿದ್ದ ಇನ್ನೊಂದಕ್ಕೂ ಒಂದೇ ಅಕ್ಷರದ ಅಂತರ. ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಎರಡೂ ಕಡೆಯವರು ನನಗೆ ಮತ್ತೆ ಫೋನ್ ಮಾಡುತ್ತಾರೆ, ಈ ಸಲ ನಾನು ಎತ್ತುವುದಿಲ್ಲ.

ಕಾಕಾ ಉಳಿಸಿದರು, ಕೀಲಿ ಬಿಡದೆ ಹೋದರು. ವಾಸ್ತುಶಾಂತಿ ಒಂದು ದಿನದ್ದು. ಊಟ ಚೆನ್ನಾಗಿತ್ತೆಂದು ಎರಡು ದಿನ ಉಳಿದರು. ಇತ್ತ ಗುರುಜಿ ತಿದ್ದಬೇಕೆಂದರೆ ಪರದೆಯ ಮೇಲೆ "ಕಾಯಿರಿ". ಮಧ್ಯಾಹ್ನವೂ ಕಾಯಿರಿ. ಮರುದಿನವೂ ಕಾಯಿರಿ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯನಿಗೆ ಅಷ್ಟು ಹೊತ್ತು ಕಾಯುವ ರೂಢಿ ಎಲ್ಲಿಂದ ಬರಬೇಕು? ಅವರು ನನ್ನ ಕೀಲಿಯ ಕಡೆಗೇ ಹೋಗಲಿಲ್ಲ. ಫೈಲುಗಳಿರುವ ಫೋಲ್ಡರನ್ನೇ ಹುಡುಕಿ ತೆರೆದರು. ತಮ್ಮ ಹತ್ತಿರ ಮೊದಲೇ ಇದ್ದ ಹಳೆಯ ಪ್ರತಿಯಲ್ಲಿ ಒತ್ತಕ್ಷರಗಳನ್ನೆಲ್ಲ ನೆಟ್ಟಗೆ ಮಾಡಿ, ಅದನ್ನು ಅಲ್ಲಿ ಇಟ್ಟು ಬಂದರು.

ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಗುರುಜಿ ಕೊಟ್ಟ ಉತ್ತರ ಇದು: "ನಾ ಕೀಲಿ ಮುಟ್ಟೇ ಇಲ್ಲರಿ ಮೇಡಂ. ಬಾಗಲಾ ಬಂದ್ ಇತ್ತು, ಖಿಡಕಿ ತೆರೆದಿತ್ತು."

ಅದೂ ನಿಜವೇ. ನನ್ನ ಕೀಲಿ ಇದ್ದದ್ದು ಕೀಲಿ ಕೇಳುವ ಸಭ್ಯಸ್ಥರಿಗೆ ಮಾತ್ರ. ಕೇಳದೆ ನುಗ್ಗುವವರನ್ನು ಅದು ತಡೆಯುತ್ತಿರಲಿಲ್ಲ. ಇಂಥ ಕೀಲಿಗೆ ನಮ್ಮ ಪಠ್ಯದಲ್ಲಿ ಸಲಹೆಯ ಕೀಲಿ ಎಂಬರ್ಥದ ಹೆಸರಿದೆ. ನಮ್ಮ ಕಡೆ ಸಲಹೆಗೆ ಎಷ್ಟು ಬೆಲೆ ಎಂದು ಗೊತ್ತಿದ್ದೂ ನಾನು ಅದನ್ನೇ ಹಾಕಿದ್ದೆ. ಕಾಕಾ ತಿದ್ದಿದ ಬೆಡಗು ಹೋಯಿತು, ಹಳೆಯ ತಪ್ಪು ಮತ್ತೆ ಬಂದು ಕುಳಿತಿತು. ಯಾರೂ ನೋಡಲಿಲ್ಲ.

ಮೂರು ತಿಂಗಳು ಕಳೆಯಿತು. ಅದೇ ತುರೋರಿ ಮನೆತನದ ಹುಡುಗನಿಗೆ ಶಿರೂರ ಅನಂತಪಾಳದ ಒಂದು ಮನೆಯ ಹುಡುಗಿಯನ್ನು ನೋಡಿದರು. ಹುಡುಗಿ ಶಿಕ್ಷಕಿ. ಹುಡುಗನನ್ನು ಅವಳೇ ಎರಡು ತಾಸು ಕೂರಿಸಿ ಮಾತಾಡಿ ಒಪ್ಪಿದ್ದಳು. ಹಿರಿಯರು ಬಾಯಿಂದ ಬಾಯಿಗೆ ಕೇಳಿ ಬೆಡಗು ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಂಡಿದ್ದರು. ಸಾಖರಪುಡಾ, ಅಂದರೆ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವ ಶಾಸ್ತ್ರ, ತುರೋರಿಯಲ್ಲಿ ಹುಡುಗನ ಮನೆಯ ಅಂಗಳದಲ್ಲಿ ಎಂದಾಯಿತು.

ಆ ದಿನ ಕಾಕಾ ಮುಂಜಾನೆಯೇ ಉಮರ್ಗಾದ ಮನೆಯಲ್ಲಿ ತುರೋರಿಯ ಕೀಲಿ ಹಿಡಿದರು. ಸಂಬಂಧ ಕೂಡಿದ್ದನ್ನು ಮೊದಲು ತಾವೇ ಬರೆಯಬೇಕೆಂಬ ಹಟ. ಆಮೇಲೆ ಶಿರೂರದ ಕೀಲಿ ಕೇಳಿದರು. ಅದು ಸಿಗಲಿಲ್ಲ. ಯಾಕೆಂದರೆ ನಿಲಂಗಾದಲ್ಲಿ ಗುರುಜಿ ಅವರಿಗಿಂತ ಮುಂಚೆ ಎದ್ದು ಶಿರೂರದ ಕೀಲಿ ಹಿಡಿದಿದ್ದರು, ಈಗ ತುರೋರಿಯದಕ್ಕೆ ಕಾಯುತ್ತಿದ್ದರು. ಕಾಕಾ "ಕಾಯಿರಿ" ಎಂದು ಬಂದದ್ದನ್ನು ಹಾಗೇ ಬಿಟ್ಟು, ಶಾಲು ಹೊದ್ದು ಶಾಸ್ತ್ರ ಮಾಡಿಸಲು ತುರೋರಿಗೆ ಹೊರಟರು.

ಅಂಗಳದಲ್ಲಿ ಎಲ್ಲ ಸಿದ್ಧವಾಗಿ, ಸಕ್ಕರೆಯ ತಟ್ಟೆ ಹೊರಗೆ ಬರುವ ಹೊತ್ತಿಗೆ ಹುಡುಗಿಯ ಸೋದರಮಾವನಿಗೆ ಒಂದು ಹುಮ್ಮಸ್ಸು ಬಂತು. ಮಠದ ಹೊಸ ವ್ಯವಸ್ಥೆ ಹೇಗಿದೆ ನೋಡಿರಿ ಎಂದು ಹಿಂದಿನ ದಿನ ತನ್ನ ಮೊಬೈಲಿಗೆ ಇಳಿಸಿಕೊಂಡಿದ್ದ ಎರಡೂ ಮನೆಯ ಹಾಳೆಗಳನ್ನು ನಾಲ್ಕು ಜನರಿಗೆ ತೋರಿಸಿದನು. ತೋರಿಸುತ್ತ ತಾನೂ ಓದಿದನು. ಗಂಡಿನ ಬೆಡಗೂ ಹೆಣ್ಣಿನ ಬೆಡಗೂ ಒಂದೇ.

ನಾನು ಆಗ ಉದಗೀರದಲ್ಲಿ ತರಗತಿಯಲ್ಲಿದ್ದೆ. ಕಾಕಾನ ಫೋನ್ ಬಂತು. ಹಿಂದೆ ಗದ್ದಲ, ಯಾರೋ ಮುದುಕಿ ಅಳುವುದು.

"ಅವ್ವಾ, ಇಲ್ಲಿ ಎಲ್ಲಾ ನಾಸ ಆಗ್ಲಿಕ್ಕತ್ತದ. ಆ ಬೆಡಗು ನಾ ಮೂರು ತಿಂಗಳ ಹಿಂದೇ ತಿದ್ದೀನಿ. ಯಾವಾಂವ ತಿರುಗಿ ಕೆಡಿಸ್ಯಾನ? ಈಗಿಂದೀಗ ಸರಿ ಮಾಡು."

ಸರಿ ಮಾಡಬೇಕಾದರೆ ತುರೋರಿ ಫೈಲಿನ ಕೀಲಿ ಬೇಕು. ಅದು ಕಾಕಾನ ಮನೆಯ ಕಂಪ್ಯೂಟರಿನ ಕೈಯಲ್ಲಿತ್ತು. ಆ ಕಂಪ್ಯೂಟರ್ ಶಿರೂರದ ಕೀಲಿಗೆ ಕಾಯುತ್ತಿತ್ತು. ಗುರುಜಿಗೆ ಫೋನ್ ಮಾಡಿ ಶಿರೂರ ಬಿಡಿರಿ ಎಂದೆ.

"ಥಾಂಬಾ ಥಾಂಬಾ, ತಡೀರಿ, ನಾ ಯಾಕ ಬಿಡ್ಲಿ? ನಾ ಆರು ಗಂಟಿಗೇ ಹಿಡದೀನಿ. ಕಾಕಾಗ ತುರೋರಿ ಬಿಡ್ಲಿಕ್ಕ ಹೇಳ್ರಿ, ನಾನೇ ಎರಡೂ ಬರೀತೀನಿ."

ಕಾಕಾಗೆ ಹೇಳಿದೆ. "ನಾ ಬಿಟ್ರ ಅಂವಾ ಬರೀತಾನ. ಹೆಸರು ಅಂವಂದ ಆಗ್ತದ."

"ಕಾಕಾ, ಅಲ್ಲಿ ಹುಡುಗಿ ಸಂಬಂಧ ಮುರೀಲಿಕ್ಕತ್ತದ."

"ಮುರದ್ರ ಅಂವನಿಂದ ಮುರೀತದ, ಬರಿ," ಎಂದರು. ಆಮೇಲೆ ತಣ್ಣಗಾಗಿ, "ಬಿಡಬೇಕಂದ್ರ ಮನಿಗಿ ಹೋಗಬೇಕಲ್ಲ? ಇಲ್ಲಿ ಮಂದಿ ನನಗ ಏಳ್ಲಿಕ್ಕ ಬಿಡವಲ್ರು," ಎಂದರು.

ಇಬ್ಬರೂ ಒಂದೊಂದು ಹಿಡಿದು ಇನ್ನೊಂದಕ್ಕೆ ಕಾಯುತ್ತ ಕೂತರೆ ಇಬ್ಬರಿಗೂ ಎಂದೂ ಸಿಗುವುದಿಲ್ಲ. ಇದನ್ನೂ ನಾನು ಪ್ರತಿ ವರ್ಷ ಎರಡು ಚೌಕ, ಎರಡು ಬಾಣ ಹಾಕಿ ಕಲಿಸುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆ ದಿನ ಆ ಚೌಕಗಳಿಗೆ ಶಾಲು, ಕನ್ನಡಕ ಎಲ್ಲ ಇದ್ದವು. ಎಲ್ಲ ಕೀಲಿಯೂ ಒಮ್ಮೆಗೇ ಬಿಡಲಿ ಎಂದು ಮಠದ ಕಂಪ್ಯೂಟರನ್ನೇ ಬಂದ್ ಮಾಡಿಸೋಣವೆಂದರೆ, ಆ ಕೋಣೆಗೆ ಕಬ್ಬಿಣದ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪೋರು ಪರ ಊರಿಗೆ ಹೋಗಿದ್ದರು. ಹೊರಗಿನಿಂದ ಮುರಿಯುವ ದಾರಿಯನ್ನು ನಾನೇ ಇಟ್ಟಿರಲಿಲ್ಲ. ಚಪ್ಪಾಳೆ ಬಿದ್ದಿತ್ತಲ್ಲ, ಅದಕ್ಕೇ.

ತರಗತಿ ಬಿಟ್ಟು ವರಾಂಡಕ್ಕೆ ಬಂದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಹುಡುಗಿಯೇ. ಒಳಕೋಣೆಯಿಂದ ಮೆಲ್ಲಗೆ ಮಾತಾಡುತ್ತಿದ್ದಳು.

"ಅಕ್ಕಾ, ನಾ ಶಿರೂರದಾಕಿ. ಒಂದು ಕೇಳ್ಲೇನ್ರಿ? ಕಂಪ್ಯೂಟರಿಗಿ ಹಾಕೂಕಿಂತ ಮೊದಲ ಇದು ಎಲ್ಲಿ ಬರದಿತ್ತು?"

"ಪುಸ್ತಕದಾಗ."

"ಆ ಪುಸ್ತಕ ಈಗ ಎಲ್ಲದರಿ?"

ಇಷ್ಟು ಹೊತ್ತು ನಾನು, ಎರಡು ಪದವಿ ಪಡೆದವಳು, ಫೈಲಿನ ಸುತ್ತ ಮಾತ್ರ ತಿರುಗುತ್ತಿದ್ದೆ. ಪುಸ್ತಕ ಇತ್ತು, ಗೆದ್ದಲು ಬಿಟ್ಟ ಭಾಗ ಉಮರ್ಗಾದಲ್ಲಿ ಕಾಕಾನ ಮನೆಯ ಟ್ರಂಕಿನಲ್ಲಿತ್ತು. ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಫೋನ್ ಮಾಡಿದೆ. ಅಂಗಳದ ಸುದ್ದಿ ಹೇಳಿ, ಪುಸ್ತಕ ತೆಗೆದು ಆ ಮನೆತನದ ಹಾಳೆ ಯಾರಿಂದಾದರೂ ಓದಿಸಿರಿ ಎಂದೆ.

"ಯಾರಿಂದ ಯಾಕ ಓದಸ್ಲಿ? ಅದು ನಂದೇ ಅಕ್ಷರ ಅದ," ಎಂದರು ಕಾಕು.

"ನಿಮ್ಮ ಅಕ್ಷರಾ?"

"ಇಪ್ಪತ್ತು ವರ್ಷದಿಂದ ನಾನೇ ಬರೀತೀನಿ. ನಿನ್ನ ಕಾಕಾಗ ಉಂಡು ಬಂದು ಮಲಗೂದ್ರಾಗೇ ಪುರಸೊತ್ತು ಇರೂದಿಲ್ಲ. ತಡಿ."

ಮೂವರನ್ನು ನೇಮಿಸುವಾಗ ಅಪ್ಪೋರ ಸಭೆಯಲ್ಲಿ ಈ ಸಂಗತಿಯನ್ನು ಯಾರೂ ಎತ್ತಿರಲಿಲ್ಲ. ಕಾಕಾನಂತೂ ಎತ್ತಿರಲಿಲ್ಲ. ಕಾಕು ಹಾಳೆ ತೆಗೆದರು, ಬೆಡಗು ಓದಿದರು. ಸ್ಪಷ್ಟವಾಗಿ ಬೇರೆಯದೇ. ಹಾಳೆಯ ಫೋಟೋ ತೆಗೆದು ತುರೋರಿಗೆ ಕಳಿಸಿದರು. ಆಮೇಲೆ ಕೇಳಿದರು:

"ನಿನ್ನ ಕಾಕಾನ ಮಶೀನು ಮುಂಜಾನಿಂದ ಕಾಯಿರಿ ಕಾಯಿರಿ ಅಂತ ಬಿದ್ದದ. ಅದು ಯಾರ ಸಲವಾಗಿ ಕಾಯ್ಲಿಕ್ಕತ್ತದ?"

"ಗುರುಜಿ ಸಲವಾಗಿ. ಗುರುಜಿ ಕಾಕಾನ ಸಲವಾಗಿ."

"ಇಬ್ಬರಿಗೂ ಮಾಡ್ಲಿಕ್ಕ ಬೇರೆ ಧಂದೆ ಇಲ್ಲೇನು?" ಎಂದರು. ಟಕ್ ಎಂದು ಒಂದು ಸದ್ದು ಕೇಳಿತು. ಕಾಕು ಸ್ವಿಚ್ ಆರಿಸಿದ್ದರು.

ಹಿಡಿದವರ ಯಂತ್ರವೇ ಸತ್ತರೆ ಅದರ ಕೈಯಲ್ಲಿದ್ದ ಕೀಲಿ ತಾನಾಗಿ ಬಿಡುತ್ತದೆ. ಇದು ನಾನು ಜಾಣತನದಿಂದ ಮಾಡಿದ್ದಲ್ಲ. ಯಂತ್ರವನ್ನು ಕಟ್ಟಿದವರು ಮಾಡಿಟ್ಟಿದ್ದು. ಐದು ನಿಮಿಷದಲ್ಲಿ ಗುರುಜಿಯ ಫೋನ್ ಬಂತು. ದನಿಯಲ್ಲಿ ಜಯಭೇರಿ.

"ಸಿಕ್ತು ಮೇಡಂ! ಬಿಟ್ಟಾನ ನೋಡ್ರಿ ಕಡೀಕ!"

ಗೆದ್ದಿದ್ದು ಯಾರು ಎಂದು ಹೇಳುವ ಸಮಯವಲ್ಲ. ಮೊದಲು ಬೆಡಗು ತಿದ್ದಿರಿ ಎಂದು ಅಕ್ಷರ ಅಕ್ಷರ ಹೇಳಿ ಬರೆಸಿದೆ. ಅವರು ಅದರಲ್ಲೂ ಒಂದು ದೀರ್ಘ ಸೇರಿಸಲು ನೋಡಿದರು. ಬೇಡವೆಂದೆ. ಆಮೇಲೆ ಸಂಬಂಧವನ್ನು ಎರಡೂ ಕಡೆ ಬರೆದು ಕೀಲಿ ಬಿಟ್ಟರು.

ಕಾಕು ಕಳಿಸಿದ ಹಾಳೆಯ ಫೋಟೋವನ್ನು ಆ ಸೋದರಮಾವ ನಂಬಿರಲಿಲ್ಲವಂತೆ. ಕೈಬರಹ, ಯಾರು ಬೇಕಾದರೂ ಬರೆಯಬಹುದು ಎಂದಿದ್ದನಂತೆ. ಮೊಬೈಲಿನಲ್ಲಿ ಹೊಸ ಹಾಳೆ ಇಳಿಸಿ ನೋಡಿ, "ಹಾಂ, ಈಗ ಬರಾಬರ್ ಅದ," ಎಂದನು. ಸಕ್ಕರೆ ಹಂಚಿದರು. ಶಾಸ್ತ್ರ ಮುಗಿದ ಮೇಲೆ ಹುಡುಗಿ ಆ ಸೋದರಮಾವನ ಕೈಯಿಂದ ಮೊಬೈಲ್ ತೆಗೆದುಕೊಂಡು ಊಟ ಮುಗಿಯುವವರೆಗೆ ಕೊಡಲಿಲ್ಲ ಎಂದು ಕೇಳಿದೆ.

ಮರುವಾರ ಮಠದಲ್ಲಿ ಮತ್ತೆ ಸಭೆ. ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಹಾಗೆ ಒಪ್ಪಿಕೊಳ್ಳುವ ಪದ್ಧತಿ ಆ ಸಭೆಯಲ್ಲಿ ಇಲ್ಲದ್ದರಿಂದ ಎಲ್ಲರೂ ಗಾಬರಿಯಾದರು. ಫೋಲ್ಡರಿನ ಕಿಟಕಿ ಮುಚ್ಚಿದೆ. ಇಪ್ಪತ್ತು ನಿಮಿಷ ಏನೂ ಬರೆಯದೆ ಕೂತವರ ಕೀಲಿ ತಾನಾಗಿ ಬಿಡುವಂತೆ ಮಾಡಿದೆ. ಎರಡು ಕೀಲಿ ಬೇಕಾದವರು ಊರಿನ ಹೆಸರಿನ ಅಕ್ಷರಾನುಕ್ರಮದಲ್ಲೇ ತೆಗೆದುಕೊಳ್ಳಬೇಕೆಂದೆ. ತಕಾರದ ತುರೋರಿ ಮೊದಲು, ಶಕಾರದ ಶಿರೂರ ಆಮೇಲೆ. ಇಬ್ಬರೂ ಮೊದಲು ಒಂದೇ ಬಾಗಿಲಿಗೆ ಬಂದು ನಿಂತರೆ ಒಬ್ಬರು ಒಳಗೆ, ಇನ್ನೊಬ್ಬರು ಖಾಲಿ ಕೈಯಲ್ಲಿ ಹೊರಗೆ; ಯಾರೂ ಸಿಕ್ಕಿಬೀಳುವುದಿಲ್ಲ.

"ತುರೋರಿ ಮೊದಲಾ?" ಎಂದರು ಕಾಕಾ, ಖುಷಿಯಾಗಿ.

"ಶಿರೂರ ಯಾಕ ಮೊದಲಾಗಬಾರದು?" ಎಂದರು ಗುರುಜಿ.

ವರ್ಣಮಾಲೆಯನ್ನು ಬದಲಿಸುವ ಅಧಿಕಾರ ಮಠಕ್ಕಿಲ್ಲ ಎಂದು ಅಪ್ಪೋರು ತೀರ್ಪು ಕೊಟ್ಟರು. ಆಮೇಲೆ ನಾನು ನಾಲ್ಕನೆಯ ಬರಹಗಾರರು ಕಾಕು ಆಗಬೇಕೆಂದೆ. ಸಭೆ ಬಹಳ ಹೊತ್ತು ಕಂಬಗಳನ್ನು ನೋಡಿತು. "ಆಕಿ ಬರೀಲಿಕ್ಕ ಕಲೀಬೇಕಲ್ಲ," ಎಂದು ಒಬ್ಬ ಹಿರಿಯರು ಅನುಮಾನಿಸಿದರು. ಅವರ ಸ್ವಂತ ಮೊಮ್ಮಕ್ಕಳ ಹುಟ್ಟು ಬರೆದಿದ್ದು ಕಾಕುವೇ. ನಾನು ಪುಸ್ತಕವನ್ನು ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ತಂದಿಲ್ಲ ಎಂದರು. ಒಪ್ಪಿಗೆಯಾಯಿತು.

ಆ ಚಳಿಗಾಲದಲ್ಲಿ ಮದುವೆಯ ಕಾಲ ಜೋರಾಗಿತ್ತು. ಊರೂರಿನವರು ಇಡೀ ದಿನ ಮೊಬೈಲಿನಲ್ಲಿ ಬೆಡಗು ಓದುವುದೇ ಓದುವುದು. ಕಾಕುಗೆ ಮೊಮ್ಮಗಳು ಹುಟ್ಟಿದ್ದಳು, ಮೂರು ದಿನದಿಂದ ಬರೆಯಲು ಕೀಲಿ ಕೇಳುತ್ತಿದ್ದರು. ಒಬ್ಬ ಓದಿ ಮುಗಿಸುವುದರೊಳಗೆ ಇನ್ನಿಬ್ಬರು ಓದಲು ಬರುತ್ತಿದ್ದರು. ಓದುವವರ ಸಾಲು ಕಡಿಯದಿದ್ದರೆ ಬರೆಯುವವರಿಗೆ ಪಾಳಿಯೇ ಬರುವುದಿಲ್ಲ.

"ಏ ಅವ್ವಾ, ಇವರೆಲ್ಲ ಹಗಲೆಲ್ಲ ಅದೇನು ಓದ್ತಾರ? ಬರ್ಯಾಕಿಗಿ ಒಂದೀಟು ಜಾಗಾ ಬ್ಯಾಡಾ?" ಎಂದು ಕಾಕು ಫೋನ್ ಮಾಡಿದರು.

ನಾನು ಅಂದೇ ಕೂತು ಬದಲಿಸಿದೆ. ಬರೆಯುವವರು ಪಾಳಿಗೆ ನಿಂತರೆ ಹೊಸದಾಗಿ ಓದಲು ಬಂದವರು ಅವರ ಹಿಂದೆ ನಿಲ್ಲಬೇಕು. ಓದುಗರಿಂದ ಹನ್ನೊಂದು ದೂರು ಬಂದವು. ಕಾಕುಗೆ ಕೀಲಿ ಸಿಕ್ಕಿತು. ನಾಲ್ಕು ನಿಮಿಷದಲ್ಲಿ ಬರೆದು ಬಿಟ್ಟರು.

ಸಂಜೆ ಗುರುಜಿಯ ಫೋನ್. ಕಾಕು ಏನೋ ತಪ್ಪು ಮಾಡಿದ್ದಾರೆ ಎಂದರು. ತೆರೆದು ನೋಡಿದೆ. ನಮ್ಮ ಪುಸ್ತಕಗಳಲ್ಲಿ ಹೆಣ್ಣು ಕೂಸಿಗೆ ಸಾಲು ಕೊಡುವ ರೂಢಿ ಇರಲಿಲ್ಲ. ತಂದೆಯ ಹೆಸರಿನ ಮುಂದೆ "ಹೆಣ್ಣು ಒಂದು", ದೊಡ್ಡವಳಾದ ಮೇಲೆ "ಇಂಥ ಊರಿಗೆ ಕೊಟ್ಟಿದೆ" ಎಂದು ಬರೆದರೆ ಮುಗಿಯಿತು. ಕಾಕು ಮೊಮ್ಮಗಳಿಗೆ ಪೂರ್ತಿ ಒಂದು ಸಾಲು ಕೊಟ್ಟು ಪೂರ್ತಿ ಹೆಸರು ಬರೆದಿದ್ದರು. ಪಕ್ಕಕ್ಕೆ ತಂದೆಯ ಹೆಸರು, ಅದಕ್ಕೆ ಹತ್ತಿಸಿ ತಾಯಿಯ ಹೆಸರು.

"ತಾಯೀದು ಬರ್ಯಾಕ ಕಾಲಮ್ಮೇ ಇಲ್ಲಲ್ಲರಿ ಮೇಡಂ," ಎಂದರು ಗುರುಜಿ.

"ಇಲ್ಲರಿ," ಎಂದೆ. ತುರೋರಿ, ಶಿರೂರ, ಉಳಿದೆಲ್ಲ ಊರುಗಳ ಕೀಲಿಯನ್ನೂ ಅಕ್ಷರಾನುಕ್ರಮದಲ್ಲಿ ಒಂದೊಂದಾಗಿ ಕೇಳಿ ಪಡೆದು, ಎಲ್ಲ ಫೈಲಿಗೂ ಒಂದು ಕಾಲಮ್ ಸೇರಿಸಿದೆ. ಸೇರಿಸಿ, ನಮ್ಮ ಮನೆಯ ಸಾಲಿಗೆ ಹೋಗಿ ನಮ್ಮ ಅವ್ವನ ಹೆಸರು ತುಂಬಿದೆ.